ಹೇಳದೇ ಬರುವವರ ತಟ್ಟೆ

ಜಪಾನಿನ ಈ ಒಕಾಜಾಕಿಯ ಕಾಗೆಗಳಿಗೆ ನಾನು ಒಂದೇ ಒಂದು ಸಲ ಎಡೆ ಹಾಕಿದ್ದೇನೆ. ಅದರ ಫಲವಾಗಿ ಮಾರನೆಯ ದಿನ ಬೆಳಿಗ್ಗೆ ಮನೆಯೊಡತಿಯ ಮುಂದೆ ಸೊಂಟ ಬಗ್ಗಿಸಿ ‘ಸುಮಿಮಾಸೆನ್’, ಕ್ಷಮಿಸಿ, ಎಂದು ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ. ಅದಾದರೂ ಹೋಗಲಿ. ಬದುಕಿರುವವರಿಗೆಂದು ಇಟ್ಟ ತಟ್ಟೆಯನ್ನು ನಾನು ಸತ್ತವರ ಪಾಲಿಗೆ ಸೇರಿಸಿಬಿಟ್ಟಿದ್ದೆ. ಆ ಸಂಕಟ ಮಾತ್ರ ಇವತ್ತಿಗೂ ಪೂರ್ತಿ ಹೋಗಿಲ್ಲ.

ನನ್ನ ಗಂಡ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆ. ಎರಡು ವರ್ಷಕ್ಕೆಂದು ಮೈಸೂರು ಬಿಟ್ಟು ಬಂದವರು ನಾವು. ಅವರ ಕಾಂಟ್ರ್ಯಾಕ್ಟ್ ವರ್ಷವರ್ಷವೂ ಮುಂದುವರಿಯುತ್ತದೆ, ನಾವು ಊರಿಗೆ ಹೋಗುವುದು ವರ್ಷವರ್ಷವೂ ಮುಂದಕ್ಕೆ ಹೋಗುತ್ತದೆ. ಒಮ್ಮೆ ಮಗಳ ಸ್ಕೂಲು, ಒಮ್ಮೆ ವೀಸಾ, ಒಮ್ಮೆ ಇವರ ಪ್ರಯೋಗ ಕೈಕೊಟ್ಟಿತು ಎಂಬ ಕಾರಣ. ಹಾಗೆ ನಾಲ್ಕು ದಸರಾ ತಪ್ಪಿಸಿಕೊಂಡಿದ್ದೇನೆ. ಎರಡು ಅಂತಸ್ತಿನ, ಕಬ್ಬಿಣದ ಮೆಟ್ಟಿಲಿನ, ಆರು ಮನೆಗಳ ಹಳೆಯ ಕಟ್ಟಡದಲ್ಲಿ ನಾವಿರುವುದು ಮೇಲಿನ ಮೂಲೆಯ ಮನೆ. ಪಕ್ಕದ ಮನೆಯಲ್ಲಿ ಪೋಲೆಂಡಿನ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಮೀನಿನ ಮೊಟ್ಟೆಗಳ ಮೇಲೆ ಸಂಶೋಧನೆ ಮಾಡುವವಳು, ಒಂಟಿ.

ಮೊದಲ ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಮೆಟ್ಟಿಲ ಮೇಲಿನ ನಗು ಮಾತ್ರ. ಎರಡನೆಯ ವರ್ಷದ ಡಿಸೆಂಬರಿನಲ್ಲಿ ಅವಳು ಬಾಗಿಲು ತಟ್ಟಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. “ಇದು ನಿಮ್ಮ ಹತ್ರ ಇದೆಯಾ? ಇಲ್ಲಿನ ಅಂಗಡೀಲಿ ಬ್ರೆಡ್ ಮೇಲೆ ಉದುರಿಸೋ ಅಷ್ಟೇ ಸಿಗುತ್ತೆ. ನನಗೆ ಪಾತ್ರೆ ತುಂಬಾ ಬೇಕು.” ಅವಳು ಆಡಿದ್ದು ಇಂಗ್ಲಿಷ್. ಆದರೆ ಆಮೇಲಿನ ಎರಡು ವರ್ಷ ನನ್ನ ಅಡುಗೆಮನೆಯಲ್ಲಿ ಕೂತು ಅವಳು ಆಡಿದ್ದೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ. ಚಿತ್ರದಲ್ಲಿದ್ದದ್ದು ಗಸಗಸೆ. ನಾಗೋಯಾದ ಇಂಡಿಯನ್ ಅಂಗಡಿಯಿಂದ ದಸರೆಯ ಪಾಯಸಕ್ಕೆಂದು ತಂದಿದ್ದು ಡಬ್ಬಿಯಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು. ಡಬ್ಬಿ ಸಮೇತ ಕೊಟ್ಟೆ. ಕ್ರಿಸ್ಮಸ್ ಹಿಂದಿನ ಸಂಜೆ ಅವರ ಕಡೆ ಗಸಗಸೆಯ ಸಿಹಿ ಆಗಲೇಬೇಕಂತೆ, ಆ ಊಟದಲ್ಲಿ ಮಾಂಸ ಇರುವುದಿಲ್ಲವಂತೆ, ನೀವು ಮೂರೂ ಜನ ಬರಬೇಕು ಎಂದಳು. ಮಾಂಸ ಇಲ್ಲ ಎಂದ ಕೂಡಲೇ ನಾನು ಒಪ್ಪಿಕೊಂಡೆ. ಈ ದೇಶದಲ್ಲಿ ನನ್ನನ್ನು ಯಾರಾದರೂ ಊಟಕ್ಕೆ ಕರೆದರೆ ಕರೆದವರಿಗೂ ಕಷ್ಟ, ನನಗೂ ಕಷ್ಟ.

ಅವತ್ತೇ ಅವಳ ಊರಿನ ಕಥೆ ಕೇಳಿದ್ದು. ಉಕ್ರೇನ್ ಗಡಿಗೆ ಹತ್ತಿರದ ಸಣ್ಣ ಊರು. ಎರಡು ಕೋಣೆ, ಒಂದು ಅಡುಗೆಮನೆ. ತಂದೆ ತೀರಿಕೊಂಡಿದ್ದಾರೆ. ತಾಯಿ ಊರಿನ ರೈಲ್ವೆ ಸ್ಟೇಷನ್ನಿನ ಕೌಂಟರಿನಲ್ಲಿ ಟಿಕೆಟ್ ಕೊಡುತ್ತಿದ್ದು ನಿವೃತ್ತರಾದವರು. ಯುದ್ಧ ಶುರುವಾದಾಗ ಇವಳು ಆಗಲೇ ಜಪಾನಿನಲ್ಲಿದ್ದಳು. ತಾಯಿ ಸೂಪಿನ ಪಾತ್ರೆ ಹೊತ್ತು ಸ್ಟೇಷನ್ನಿಗೆ ಹೋದವರು ಮೂರನೆಯ ದಿನ ಒಬ್ಬ ಹೆಂಗಸನ್ನೂ ಅವಳ ಪುಟ್ಟ ಮಗಳನ್ನೂ ಮನೆಗೆ ಕರೆತಂದರು. ಆ ಹೆಂಗಸಿನ ಗಂಡ ಯುದ್ಧಕ್ಕೆ ಹೋಗಿದ್ದ. ಆಮೇಲೆ ಜಪಾನಿಗೆ ಫೋನ್ ಮಾಡಿ ಮಗಳಿಗೆ, “ನಿನ್ನ ರೂಮು ಕೊಟ್ಟೆ ಕಣೇ,” ಎಂದರಂತೆ.

“ಕೇಳೋದೇನಿದೆ ಅಮ್ಮಾ, ಕೊಡು ಅಂದೆ,” ಎಂದಳು ಅವಳು. “ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಅಷ್ಟು ಹೆಮ್ಮೆ ನಂಗೆ.” ಆಗ ಅವರ ದೇಶವೇ ಹಾಗಿತ್ತಂತೆ. ಮಗುವನ್ನು ಎತ್ತಿಕೊಂಡು ಗಡಿ ದಾಟಿ ಬರುವ ತಾಯಂದಿರಿಗೆಂದು ಯಾರು ಯಾರೋ ತಮ್ಮ ಮನೆಯ ಮಕ್ಕಳ ತಳ್ಳುಗಾಡಿಗಳನ್ನು ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಬಿಟ್ಟುಹೋಗುತ್ತಿದ್ದರಂತೆ. ನಾನು ಆ ಪ್ಲಾಟ್‌ಫಾರ್ಮನ್ನು ನೋಡಿಲ್ಲ. ಆದರೂ ಹಿಗಾಶಿ ಒಕಾಜಾಕಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಎಷ್ಟೋ ಸಲ ಅದೇ ಕಣ್ಣಿಗೆ ಬರುತ್ತದೆ.

ಹಬ್ಬದ ಸಂಜೆ ಸಂಪಿಗೆ ಬಣ್ಣದ ಸೀರೆ ಉಟ್ಟು ಹೋದೆ. ಮೊದಲ ನಕ್ಷತ್ರ ಕಾಣುವವರೆಗೆ ಊಟಕ್ಕೆ ಕೂರುವಂತಿಲ್ಲ ಎಂದು ಅವಳು ಏಳು ವರ್ಷದ ನನ್ನ ಮಗಳನ್ನು ಕಿಟಕಿಗೆ ಕಾವಲು ಹಾಕಿದ್ದಳು. “ಅಮ್ಮಾ, ಹೊಶಿ! ಹೊಶಿ ಬಂತು!” ಎಂದು ಮಗಳು ಕಿರುಚಿದ ಮೇಲೆ ಎಲ್ಲರೂ ಕೂತೆವು. ಹಪ್ಪಳಕ್ಕಿಂತ ತೆಳ್ಳಗಿನ ಬಿಳಿಯ ಬಿಲ್ಲೆಯೊಂದನ್ನು ಅವಳ ತಾಯಿ ಅಂಚೆಯಲ್ಲಿ ಕಳಿಸಿದ್ದರು. ಅದನ್ನು ಒಬ್ಬರ ಕೈಯಿಂದ ಒಬ್ಬರು ಚೂರು ಮುರಿದುಕೊಂಡು ಒಳ್ಳೆಯದಾಗಲಿ ಎಂದು ಹಾರೈಸಿದೆವು. ಬೀಟ್‌ರೂಟಿನ ಸಾರು, ಅಣಬೆ ತುಂಬಿದ ಕಡುಬು, ನನ್ನ ಗಸಗಸೆಯ ಸಿಹಿ. ಮೀನಿನ ತಟ್ಟೆಯನ್ನು ಪಾಪ ನನ್ನಿಂದ ಮೂರು ಮಾರು ದೂರ ಇಟ್ಟಿದ್ದಳು.

ನಾವು ನಾಲ್ಕು ಜನ. ಮೇಜಿನ ಮೇಲೆ ತಟ್ಟೆಗಳು ಐದು. ಐದನೆಯದು ಖಾಲಿ. ಅದರ ಹಿಂದಿನ ಪುಸ್ತಕದ ಕಪಾಟಿನಲ್ಲಿ ಅವಳ ತಂದೆಯ ಫೋಟೊ, ಫೋಟೊದ ಮುಂದೆ ಸಣ್ಣ ಮೇಣದ ಬತ್ತಿ. ಅಲ್ಲಿಗೆ ನನ್ನ ತಲೆ ಓಡಿತು ನೋಡಿ. ನಮ್ಮ ಮನೆಯಲ್ಲಿ ಪಿತೃಪಕ್ಷದ ದಿನ ಎಡೆ ಇಟ್ಟು, ಅದರ ಪಾಲು ಕಾಗೆಗೆ ಹಾಕಿ, ಕಾಗೆ ಮುಟ್ಟುವವರೆಗೆ ಮಕ್ಕಳು ಮರಿಯೆಲ್ಲ ಹಸಿದುಕೊಂಡು ತಾರಸಿ ನೋಡುತ್ತ ನಿಲ್ಲುತ್ತಿದ್ದೆವು. ಇಲ್ಲಿ ನಾವೆಲ್ಲ ತಿಂದು ಕೈ ತೊಳೆಯುವ ಹೊತ್ತಾದರೂ ಆ ತಟ್ಟೆಗೆ ಒಂದು ಚಮಚ ಸಾರೂ ಬಿದ್ದಿಲ್ಲ. ಅಯ್ಯೋ ಪಾಪ, ದೂರದ ದೇಶದಲ್ಲಿ ಒಂಟಿ ಹುಡುಗಿ, ಹೇಳಿಕೊಡುವ ಹಿರಿಯರಿಲ್ಲ, ಮರೆತುಬಿಟ್ಟಿದ್ದಾಳೆ ಎಂದುಕೊಂಡೆ. ಅವಳು ಒಳಗೆ ತಾಯಿಗೆ ವಿಡಿಯೊ ಕಾಲ್ ಮಾಡುತ್ತಿದ್ದಾಗ ಆ ತಟ್ಟೆಗೆ ಒಂದೊಂದು ಬಗೆಯನ್ನೂ ಸ್ವಲ್ಪ ಸ್ವಲ್ಪ ಬಡಿಸಿ, ಬಾಲ್ಕನಿಯ ಎ.ಸಿ. ಪೆಟ್ಟಿಗೆಯ ಮೇಲೆ ಇಟ್ಟು, ಸುತ್ತ ನೀರು ಬಿಟ್ಟು ಕೈಮುಗಿದು ಬಂದೆ. ಕತ್ತಲಾಗಿತ್ತು, ಕಾಗೆ ಬೆಳಿಗ್ಗೆ ಬರಲಿ ಎಂದುಕೊಂಡೆ. ನನ್ನ ಗಂಡ, “ಏನ್ ಮಾಡ್ತಿದ್ದೀಯ?” ಎಂದು ಪಿಸುಗುಟ್ಟಿದರು. “ನಿಮಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ,” ಎಂದೆ.

ಅವಳು ಫೋನ್ ಹಿಡಿದುಕೊಂಡು, ಮೇಜನ್ನು ತಾಯಿಗೆ ತೋರಿಸುತ್ತ ಬಂದಳು. ಅಲ್ಲಿ ಬೆಳಗಿನ ಹೊತ್ತು. ತಾಯಿಯೂ ಆ ಉಕ್ರೇನಿನ ಹೆಂಗಸೂ ಹಿಟ್ಟಿನ ಕೈಯಲ್ಲಿ ಕಡುಬು ಮಡಿಸುತ್ತಿದ್ದರು.

“ತಟ್ಟೆ ಎಲ್ಲಿ?” ಎಂದಳು.

ನಾನು ಹೆಮ್ಮೆಯಿಂದಲೇ ಹೇಳಿದೆ. “ನೀವು ಮರೆತಿದ್ರಿ. ನಿಮ್ಮ ತಂದೆಯವರಿಗೆ ಬಡಿಸಿ ಹೊರಗಿಟ್ಟಿದ್ದೀನಿ. ಕಾಗೆ ಮುಟ್ಟಿದರೆ ಅವರಿಗೆ ತಲುಪಿದ ಹಾಗೆ.”

ಅವಳ ಮುಖ ನೋಡಿದ ಮೇಲೆ ತಪ್ಪಾಗಿದೆ ಎಂದು ಗೊತ್ತಾಯಿತು. “ಅದು ಅಪ್ಪಂಗಲ್ಲ,” ಎಂದಳು. “ಅದು ಹೇಳದೇ ಬರೋರಿಗೆ. ದಾರೀಲಿ ಹೋಗ್ತಾ ಇರೋರು, ಚಳೀಲಿ ಸಿಕ್ಕಿಕೊಂಡೋರು ಯಾರಾದ್ರೂ ಬಾಗಿಲು ತಟ್ಟಿದ್ರೆ ತಟ್ಟೆ ಇಲ್ಲ ಅನ್ನಬಾರದು ಅಂತ. ಬದುಕಿರೋರಿಗೆ.”

ಫೋನಿನೊಳಗಿಂದ ತಾಯಿ ಏನಾಯಿತು ಎಂದು ಕೇಳಿದರು. ಇವಳು ಹೇಳಿದಳು. ತಾಯಿ ನಕ್ಕುಬಿಟ್ಟರು. ಆದರೆ ಪಕ್ಕದಲ್ಲಿದ್ದವಳು ನಗಲಿಲ್ಲ. ಅವಳ ಗಂಡನಿಂದ ಆರು ತಿಂಗಳಿಂದ ಒಂದು ಮೆಸೇಜೂ ಬಂದಿರಲಿಲ್ಲವಂತೆ. ಇದು ನನಗೆ ಆಗ ತಿಳಿಯದು. ಅವಳು ಮೆಲ್ಲಗೆ ಏನೋ ಹೇಳಿದಳು, ಇವಳು ತಡೆದು ತಡೆದು ಅದನ್ನು ನನಗೆ ತಿಳಿಸಿದಳು. “ನಮ್ಮೂರಲ್ಲೂ ಆ ತಟ್ಟೆ ತೀರಿಹೋದೋರಿಗೇ ಇಡೋದು. ಮೊದಲನೇ ವರ್ಷ ಇಲ್ಲಿ ಅದನ್ನ ನೋಡೋಕಾಗದೆ ಎದ್ದುಹೋಗಿದ್ದೆ. ಈ ಅಮ್ಮ ಬಂದು, ನಮ್ಮಲ್ಲಿ ಇದು ಬರೋರಿಗೆ ಅಂದ್ರು. ಅವತ್ತಿಂದ ನೋಡ್ತೀನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಎಡೆಗೂ ಅದೇ ನಿಯಮ. ಸೀರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲಿಂದ ಓಡಿಹೋಗಬೇಕು ಎನಿಸಿತು. ಅವಳು ಸುಮ್ಮನೆ ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದು ಅದೇ ಜಾಗದಲ್ಲಿ ಇಟ್ಟಳು. ಈ ಗಡಿಬಿಡಿಯಲ್ಲಿ ಬಾಲ್ಕನಿಯಲ್ಲಿದ್ದದ್ದನ್ನು ಎಲ್ಲರೂ ಮರೆತೆವು.

ಬೆಳಿಗ್ಗೆ ಕಾಗೆಗಳು ಮರೆಯಲಿಲ್ಲ. ಇಲ್ಲಿನ ಕಾಗೆಗಳನ್ನು ನೋಡದವರಿಗೆ ಹೇಳುವುದು ಕಷ್ಟ, ನಮ್ಮ ಕಾಗೆಯ ಎರಡರಷ್ಟು ದಪ್ಪ. ಕಸದ ಚೀಲಗಳ ಮೇಲೆ ಬಲೆ ಹೊದಿಸಿ, ಅದಕ್ಕೆ ಇಟ್ಟಿಗೆ ಹೇರಿ ಇಡೀ ಬೀದಿಯೇ ಅವುಗಳ ವಿರುದ್ಧ ಕಾದಾಡುತ್ತದೆ. ಅಂಥ ಕಡೆ ನಾನು ಎಲೆ ಹಾಕಿ ಕರೆದಿದ್ದೆ! ತಟ್ಟೆ ಕೆಳಗೆ ಬಿದ್ದು ಚೂರಾಗಿತ್ತು, ಕೆಳಗಿನ ಮನೆಯವರು ಒಣಗಿಸಿದ್ದ ಹಾಸಿಗೆಯ ಮೇಲೆ ಬೀಟ್‌ರೂಟಿನ ಸಾರು. ಕೆಳಗೇ ಇರುವ ಮನೆಯೊಡತಿ, ನಾವು ಓಯಾ-ಸಾನ್ ಎಂದು ಕರೆಯುವ ಎಂಬತ್ತು ದಾಟಿದ ಅಜ್ಜಿ, ಕಬ್ಬಿಣದ ಮೆಟ್ಟಿಲನ್ನು ಒಂದೊಂದೇ ಹತ್ತಿ ಬಂದರು. ನಾನು ಬಗ್ಗಿ ಬಗ್ಗಿ ಕ್ಷಮೆ ಕೇಳಿದೆ. ನನ್ನ ಜಪಾನೀಸ್ ಅಲ್ಲಿಗೆ ಮುಗಿಯುತ್ತಿದ್ದರಿಂದ ಮಗಳನ್ನು ಮುಂದೆ ತಳ್ಳಿ, ತಟ್ಟೆಯ ಕಥೆಯನ್ನೆಲ್ಲ ಅವಳ ಬಾಯಿಂದ ಹೇಳಿಸಿದೆ.

ಅಜ್ಜಿ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಮೆಟ್ಟಿಲ ಮೇಲೇ ಕೂತುಬಿಟ್ಟರು. ಮಗಳು ಹರಕು ಕನ್ನಡದಲ್ಲಿ ನನಗೆ ಹೇಳುತ್ತ ಹೋದಳು. “ಓಯಾ-ಸಾನ್ ಸಣ್ಣೋರಿದ್ದಾಗ ಅವ್ರ ಅಮ್ಮ ಎವ್ರಿಡೇ ಊಟ ಇಟ್ರಂತೆ. ಅಪ್ಪಂಗೆ. ಅಪ್ಪ ವಾರ್‌ಗೆ ಹೋಗಿದ್ರು, ಮನೇಲಿ ಇರ್ಲಿಲ್ಲ. ಆದ್ರೂ ಇಟ್ರಂತೆ. ಆಮೇಲೆ ಬೌಲ್ ಮುಚ್ಚಳ ತೆಗೆದು ನೋಡ್ತಿದ್ರಂತೆ. ಒಳಗೆ ನೀರು ಇದ್ರೆ ಅಪ್ಪ ಗೆಂಕಿ.” ಗೆಂಕಿ ಎಂದರೆ ಕ್ಷೇಮ.

ಬಿಸಿ ಅನ್ನದ ಮೇಲೆ ಮುಚ್ಚಳ ಹಾಕಿದರೆ ಹನಿ ಕೂರದೆ ಇರುತ್ತದೆಯೇ ಎಂದು ನನಗೆ ಅನ್ನಿಸಿತು. ಆ ತಾಯಿಗೂ ಗೊತ್ತಿದ್ದೀತು. ಅದಕ್ಕೇ ದಿನವೂ ಅನ್ನ ಬಿಸಿಯಾಗಿರುವಂತೆ ನೋಡಿಕೊಂಡಿರಬೇಕು.

“ಅಪ್ಪ ಬಂದ್ರಾ ಕೇಳು,” ಎಂದೆ.

ಮಗಳು ಕೇಳಿದಳು. ಅಜ್ಜಿ ಕೈ ಬೀಸಿ ನಕ್ಕರು. “ಬಂದ್ರಂತೆ. ಯುದ್ಧ ಮುಗಿದು ತುಂಬಾ ಲೇಟಾಗಿ. ಬೇರೆ ಮನೆಯೋರೆಲ್ಲ ಊಟ ಇಡೋದು ನಿಲ್ಲಿಸಿದ ಮೇಲೆ. ಬಂದು, ತಿಂದು, ಅನ್ನ ಗಟ್ಟಿ ಆಗಿದೆ ಅಂದ್ರಂತೆ.” ಅಜ್ಜಿ ಚೂರುಗಳನ್ನು ಕಾಗದದಲ್ಲಿ ಕಟ್ಟಿ, ಒಡೆದ ಪಿಂಗಾಣಿ ಎಸೆಯುವುದು ಯಾವ ವಾರ ಎಂದು ನನಗೆ ಇನ್ನೊಮ್ಮೆ ಪಾಠ ಮಾಡಿ ಇಳಿದುಹೋದರು.

ಆ ಘಟನೆಯ ಮೇಲೆ ಅವಳೂ ನಾನೂ ಹತ್ತಿರವಾದೆವು. ತಪ್ಪು ಮಾಡಿದವರನ್ನು ಒಮ್ಮೆ ಕ್ಷಮಿಸಿದರೆ ಆಮೇಲೆ ಅವರ ಮುಂದೆ ಏನು ಬೇಕಾದರೂ ಹೇಳಿಕೊಳ್ಳಬಹುದು ಎನ್ನಿಸುತ್ತದೋ ಏನೋ. ಸಂಜೆ ಲ್ಯಾಬಿನಿಂದ ಬಂದವಳು ನನ್ನ ಸ್ಟೀಲ್ ಡಬ್ಬಿ ವಾಪಸು ಕೊಡುವ ನೆಪದಲ್ಲಿ ಕೂತುಬಿಡುತ್ತಿದ್ದಳು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂದು ನಾನು ಒಂದು ಸಲ ಹೇಳಿದ್ದೇ ತಪ್ಪಾಯಿತು, ಏನಾದರೊಂದು ತುಂಬಿಕೊಂಡೇ ಬರುತ್ತಿದ್ದಳು. ಏನೂ ಇಲ್ಲದಿದ್ದರೆ ಮೂಲೆಯ ಕೊಂಬಿನಿ ಅಂಗಡಿಯಿಂದ ಎರಡು ಚಾಕೊಲೇಟು.

ಅವಳ ಮಾತೆಲ್ಲ ಆ ರೂಮಿನ ಸುತ್ತಲೇ. ಪೂರ್ವದ ಕಿಟಕಿ, ಕಿಟಕಿಯಾಚೆ ಆಕ್ರೋಟ ಮರ, ಅಪ್ಪ ತಮ್ಮ ಕೈಯಾರೆ ಮಾಡಿದ ಮಂಚ, ಮಂಚದ ತಲೆಯ ಕಡೆ ಅವಳು ಚಿಕ್ಕವಳಿದ್ದಾಗ ಮೊಳೆಯಲ್ಲಿ ಗೀಚಿದ ಮೀನು. ಈಗ ಆ ಮಂಚದಲ್ಲಿ ಉಕ್ರೇನಿನ ಮಗು ಮಲಗುತ್ತಾಳೆ, ಅವಳೂ ಅದರ ಪಕ್ಕ ಒಂದು ಬೆಕ್ಕನ್ನು ಗೀಚಿದ್ದಾಳೆ. “ಚೆನ್ನಾಗೇ ಗೀಚಿದ್ದಾಳೆ,” ಎಂದು ನಕ್ಕಳು. ನಗು ಮುಗಿದ ಮೇಲೆ, “ನಂಗೆ ಹೊಟ್ಟೆಕಿಚ್ಚು ಆಯ್ತು,” ಎಂದಳು.

ಯುದ್ಧ ನಿಲ್ಲಲಿಲ್ಲ. ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತು. “ಮೊದಲನೇ ವರ್ಷ ಎಲ್ಲರೂ ಸೂಪ್ ತಂದ್ರು,” ಎನ್ನುತ್ತಿದ್ದಳು. “ಈಗ ಅಂಗಡಿ ಕ್ಯೂನಲ್ಲಿ, ಇವರು ಇನ್ನೂ ಎಷ್ಟು ದಿನ ಅಂತಾರಂತೆ, ಆ ಹೆಂಗಸಿಗೆ ಕೇಳೋ ಹಾಗೇ. ಅಮ್ಮ ಅವರ ಜೊತೆ ಜಗಳ ಆಡಿಕೊಂಡು ಬರ್ತಾಳೆ. ಅವರು ಕೇಳೋದು ತಪ್ಪು, ನಂಗೆ ಗೊತ್ತು. ಆದ್ರೆ ಅದೇ ಪ್ರಶ್ನೆ ನನ್ನೊಳಗೂ ಇದೆ. ಅಮ್ಮ ನನ್ನ ಜೊತೆ ಆಡಬೇಕಾದ ಜಗಳ ಅದು.” ಅವಳ ಕೆಲಸ ಬರುವ ಮಾರ್ಚಿಗೆ ಮುಗಿಯುವುದಿತ್ತು. ಮುಂದಿನ ಕೆಲಸ ಸಿಗುವ ತನಕ ಕೆಲವು ತಿಂಗಳು ಮನೆಯಲ್ಲಿ, ತನ್ನ ಮಂಚದಲ್ಲಿ ಮಲಗಬೇಕು, ಬೆಳಿಗ್ಗೆ ಆ ಕಿಟಕಿಯಿಂದ ಬಿಸಿಲು ಮುಖದ ಮೇಲೆ ಬೀಳಬೇಕು. ಅವಳ ಆಸೆ ಇಷ್ಟೇ. “ಅಮ್ಮ ಅಡುಗೆಮನೇಲಿ ಮಡಚೋ ಮಂಚ ಹಾಕ್ತೀನಿ ಅಂತಾಳೆ. ನನ್ನ ಮನೇಲಿ ನಾನು ನೆಂಟಳಾ?”

ನನ್ನ ಹುಳುಕನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಅಮ್ಮ ಅಣ್ಣನ ಸಂಸಾರದ ಜೊತೆ ಇದ್ದಾಳೆ, ನೆಮ್ಮದಿಯಾಗಿದ್ದಾಳೆ. ನಾನು ಮದುವೆಗೆ ಮುಂಚೆ ಮಲಗುತ್ತಿದ್ದ ಮಂಚದ ಮೇಲೆ ಈಗ ಅಣ್ಣನ ಮಗಳ ಮ್ಯೂಸಿಕ್ ಕೀಬೋರ್ಡು, ಇಸ್ತ್ರಿಗೆ ಕಾದಿರುವ ಬಟ್ಟೆಯ ಗುಡ್ಡೆ. ಯಾವ ಯುದ್ಧವೂ ಬಂದಿಲ್ಲ, ಯಾರೂ ನನ್ನನ್ನು ಎಬ್ಬಿಸಿಲ್ಲ, ಆದರೂ ವಿಡಿಯೊದಲ್ಲಿ ಆ ಗುಡ್ಡೆ ಕಂಡಾಗಲೆಲ್ಲ ಏನೋ ನೆಪ ಹೇಳಿ ಬೇಗ ಫೋನಿಡುತ್ತೇನೆ. ಹೀಗಿದ್ದವಳ ಹತ್ತಿರ ಅವಳು ಸಲಹೆ ಕೇಳಿದಳು. ನಾನು ನನ್ನ ಮಂಚಕ್ಕೇ ನ್ಯಾಯ ಹೇಳುವಂತೆ ಹೇಳಿದೆ. “ಬಾಯಿ ಬಿಟ್ಟು ಕೇಳಿ. ಅತ್ತರೆ ತಾನೇ ಅಮ್ಮನೂ ಹಾಲು ಕೊಡೋದು. ಮೂರು ವರ್ಷದ ಮೇಲಾಯ್ತು, ಅವರು ಬೇರೆ ಮನೆ ನೋಡಿಕೊಳ್ಳಲಿ. ಮಗಳು ಬರ್ತಾಳೆ ಅಂದ್ರೆ ಯಾರೂ ತಪ್ಪು ತಿಳಿಯಲ್ಲ.”

ಕೇಳಿದಳು. ಅಕ್ಟೋಬರಿನ ಒಂದು ಭಾನುವಾರ, ನನ್ನ ಅಡುಗೆಮನೆಯಲ್ಲೇ ಕೂತು. ಪೋಲಿಷ್ ನನಗೆ ಒಂದಕ್ಷರ ಬರದು. ಆದರೆ ತಾಯಿಯ ದನಿ ಏರಲಿಲ್ಲ, ಮಗಳ ದನಿ ಏರಿತು, ಆಮೇಲೆ ಫೋನ್ ಮೇಜಿನ ಮೇಲೆ ಬೋರಲಾಯಿತು. ತಾಯಿ ಹೇಳಿದ್ದನ್ನು ನನಗೆ ತಿಳಿಸಿದಳು. “ಮೂವತ್ತು ವರ್ಷ ಟಿಕೆಟ್ ಕೊಟ್ಟಿದ್ದೀನಿ ಕಣೇ ನಾನು. ಅವಳಿಗೆ ಯಾವ ಊರಿಗೆ ಕೊಡಲಿ, ಆ ಊರಿನ ಹೆಸರು ಹೇಳು. ಇವತ್ತೇ ಕೊಡ್ತೀನಿ.”

“ನೀವೇನಂದ್ರಿ?”

“ಹಾಗಾದ್ರೆ ಆ ಮನೇಲಿ ನಂಗೆ ಜಾಗ ಇಲ್ಲ, ನಾನು ಬರಲ್ಲ ಅಂದೆ.”

ಅವತ್ತಿನಿಂದ ಅವಳು ತಾಯಿಗೆ ಫೋನ್ ಮಾಡಲಿಲ್ಲ. ಭಾನುವಾರ ಭಾನುವಾರ ಆ ಹೊತ್ತಿಗೆ ನನ್ನ ಮನೆಗೆ ಬಂದು, ಫೋನನ್ನು ಕಣ್ಣೆದುರು ಇಟ್ಟುಕೊಂಡು, ಸುಮ್ಮನೆ ಹುರುಳಿಕಾಯಿ ಸೋಸುತ್ತ ಕೂರುತ್ತಿದ್ದಳು. ತಾಯಿಯೂ ಮಾಡಲಿಲ್ಲ. ಹಾಲು ಕೇಳು ಎಂದು ಹೇಳಿಕೊಟ್ಟವಳು ನಾನು. ನನ್ನ ಮಾತು ಕೇಳಿ ಒಬ್ಬಳು ತಾಯಿಯ ಮನೆ ಕಳೆದುಕೊಂಡಳಲ್ಲ ಎಂದು ಒಳಗೊಳಗೇ ಕುದಿದುಹೋದೆ.

ಮೈಸೂರಿನಲ್ಲಿರುವ ನನ್ನ ಅಮ್ಮನ ಹತ್ತಿರ ಹೇಳಿಕೊಂಡರೆ ಅವಳು ಇನ್ನೇನೋ ನೆನಪು ಮಾಡಿಕೊಂಡಳು. ಬಾಂಗ್ಲಾ ಯುದ್ಧದ ಕಾಲದಲ್ಲಿ, ಅಲ್ಲಿಂದ ಓಡಿಬಂದ ನಿರಾಶ್ರಿತರಿಗೆಂದು ನಮ್ಮಲ್ಲಿ ಪ್ರತಿ ಕಾಗದಕ್ಕೂ ಐದು ಪೈಸೆಯ ಸ್ಟಾಂಪೊಂದನ್ನು ಹೆಚ್ಚಿಗೆ ಅಂಟಿಸಬೇಕಾಗಿತ್ತಂತೆ. “ನಮ್ಮಮ್ಮ ಬೈಕೊಂಡೇ ಅಂಟಿಸ್ತಿದ್ಲು. ಇನ್ನೂ ಎಷ್ಟು ದಿನವಪ್ಪಾ ಇದು ಅಂತ. ಆದ್ರೆ ಒಂದು ಕಾಗದಕ್ಕೂ ಬಿಡಲಿಲ್ಲ ನೋಡು,” ಎಂದಳು. “ಬೈಕೊಂಡು ಮಾಡೋದೂ ಮಾಡೋದೇ ಅಲ್ವೇನೆ. ಆ ಹುಡುಗಿಗೆ ಹೇಳು.” ಹೇಳಿದೆ. ಅವಳು ಸೋಸುತ್ತಿದ್ದ ಹುರುಳಿಕಾಯಿಯಿಂದ ತಲೆ ಎತ್ತಲಿಲ್ಲ.

ಡಿಸೆಂಬರಿನ ಮೂರನೆಯ ವಾರ ಡಬ್ಬಿ ಹಿಡಿದು ಬಂದಳು. ಮುಚ್ಚಳ ತೆಗೆದರೆ ಒಣಗಿದ ಅಣಬೆ. ಅವಳ ತಾಯಿ ಕಾಡಿನಲ್ಲಿ ಆರಿಸಿ ಒಣಗಿಸಿ ಕಳಿಸಿದ್ದು, ಆ ವರ್ಷದ್ದು ಪೂರ್ತಿ.

“ಇದೆಲ್ಲ ನನಗೆ ಯಾಕೆ? ನಿಮ್ಮ ಹಬ್ಬಕ್ಕೆ?”

“ನಾನು ಇಲ್ಲಿರಲ್ಲ. ಊರಿಗೆ ಹೋಗ್ತಿದ್ದೀನಿ. ಎರಡು ವಾರ ರಜೆ.”

“ಅಮ್ಮಂಗೆ ಹೇಳಿದ್ರಾ?”

“ಇಲ್ಲ. ಹೇಳಿದ್ರೆ ನನಗೋಸ್ಕರ ಅವರನ್ನ ರೂಮಿಂದ ಎಬ್ಬಿಸಿಬಿಡ್ತಾಳೇನೋ ಅಂತ ಭಯ. ಎಬ್ಬಿಸೋದೇ ಇಲ್ವೇನೋ ಅಂತಾನೂ ಭಯ.” ಅಷ್ಟು ಹೇಳಿ ಅತ್ತುಬಿಟ್ಟಳು. ನಾನೂ ಅತ್ತೆ. ಆಮೇಲೆ ಡಬ್ಬಿ ತೊಳೆದು ಕೊಬ್ಬರಿ ಮಿಠಾಯಿ ತುಂಬಿ ಕೊಟ್ಟೆ. ಅವಳು ಯಾವ ಭರವಸೆಯಲ್ಲಿ ಹೊರಟಿದ್ದಾಳೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಾಗಿಲು ತೆಗೆದವರು ಒಳಗೆ ಬಾ ಎನ್ನದಿದ್ದರೆ ಆ ಚಳಿಯಲ್ಲಿ ಹುಡುಗಿ ಎಲ್ಲಿಗೆ ಹೋದಾಳು ಎಂಬುದೊಂದೇ ನನ್ನ ತಲೆಯಲ್ಲಿ.

ಹೊರಟ ದಿನ ಅವಳ ಸೂಟ್‌ಕೇಸನ್ನು ನನ್ನ ಗಂಡ ಮೆಟ್ಟಿಲು ಇಳಿಸಿಕೊಟ್ಟರು. ಓಯಾ-ಸಾನ್ ಗೇಟಿನ ತನಕ ಬಂದು ಹೋಗಿ ಬಾ ಎಂದು ಹರಸಿದರು. ಇವರ ಭಾಷೆಯಲ್ಲೂ ನಮ್ಮ ಹಾಗೆ ಬರೀ ಹೋಗು ಎನ್ನುವುದಿಲ್ಲ.

ಇಪ್ಪತ್ತೈದನೆಯ ತಾರೀಕು ಇಲ್ಲಿ ಮಾಮೂಲಿ ದಿನ. ನಾಲ್ಕು ಗಂಟೆಗೆ ಕಾಫಿಗೆ ಹಾಲಿಟ್ಟಿದ್ದೆ, ಫೋನು ಬಂತು. ಅವಳಿಗೆ ಬೆಳಗಿನ ಎಂಟು. ಮುಖದ ಮೇಲೆ ಬಿಸಿಲು ಬಿದ್ದಿರಲಿಲ್ಲ, ಹಿಂದೆ ಕಂಡದ್ದು ಗ್ಯಾಸ್ ಒಲೆ. ಅಡುಗೆಮನೆಯಲ್ಲಿ ಮಡಚುವ ಮಂಚದ ಮೇಲೆ ಕೂತಿದ್ದಳು. ರೂಮು ಸಿಗಲಿಲ್ಲ ಎಂದುಕೊಂಡೆ. ಆದರೆ ಅವಳು ನಗುತ್ತಿದ್ದಳು.

ರೈಲು ತಡವಾಗಿ, ಅವಳು ಮನೆ ಮುಟ್ಟುವಾಗ ಕತ್ತಲಾಗಿತ್ತಂತೆ. ಬಾಗಿಲು ತಟ್ಟುವ ಮೊದಲು ಕಿಟಕಿಯಲ್ಲಿ ಇಣುಕಿದಳಂತೆ. ಮೇಜು ಹಾಕಿದೆ. ತಾಯಿ, ಆ ಹೆಂಗಸು, ಮಗು. ಮನೆಯಲ್ಲಿ ಇರುವುದೇ ನಾಲ್ಕು ಕುರ್ಚಿ. ನಾಲ್ಕನೆಯದರ ಮುಂದೆ ಖಾಲಿ ತಟ್ಟೆ. ಅದು ಆ ಹೆಂಗಸಿನ ಗಂಡನಿಗೆ, ಅವನಿಂದ ಸುದ್ದಿಯಿಲ್ಲದೆ ಎರಡೂವರೆ ವರ್ಷವಾಗಿದೆ. ನನಗೆ ಇಲ್ಲಿ ಜಾಗ ಇಲ್ಲ ಎಂದು ತಾನು ಆಡಿದ ಮಾತು ಕಣ್ಣೆದುರು ನಿಜವಾಗಿ ನಿಂತಿತ್ತು, ವಾಪಸು ಹೋಗಿಬಿಡೋಣ ಅನ್ನಿಸಿತು ಎಂದಳು. ಕೊನೆಯ ರೈಲು ಹೋಗಿಯಾಗಿತ್ತು, ಅದಕ್ಕೇ ತಟ್ಟಿದೆ ಎಂದಳು.

ಬಾಗಿಲು ತೆಗೆದದ್ದು ಮಗು. ಫೋನಿನಲ್ಲಿ ನೋಡಿ ಗುರುತು, ಎದುರಿಗೆ ನೋಡಿದ್ದು ಅದೇ ಮೊದಲು. ಒಳಗೆ ತಿರುಗಿ, “ಬಂದ್ರು! ಹೇಳದೇ ಬಂದ್ರು!” ಎಂದು ಕೂಗಿ, ಅವಳ ಕೈಗವಸಿನ ಕೈ ಹಿಡಿದು ಎಳೆದುಕೊಂಡು ಹೋಗಿ ಆ ನಾಲ್ಕನೆ ಕುರ್ಚಿಯಲ್ಲಿ ಕೂರಿಸಿತಂತೆ. ಕೂರಿಸಿ, ಇವಳಿಗೇ ಬುದ್ಧಿ ಹೇಳಿತಂತೆ, “ಈ ತಟ್ಟೆ ಯಾರಿಗೆ ಅಂತ ನಿಂಗೊತ್ತಾ? ಬಾಗಿಲು ತಟ್ಟಿದೋರಿಗೆ.” ಇವಳು ಆ ಹೆಂಗಸಿನ ಮುಖ ನೋಡಲಾಗದೆ ಏಳಹೋದಳು. ಆ ಹೆಂಗಸೇ ಇವಳ ಭುಜ ಅದುಮಿ ಕೂರಿಸಿದಳಂತೆ.

“ಅಮ್ಮ ಏನಂದ್ರು?” ಎಂದು ನಾನು ಕೇಳಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ನನಗೆ ಅದರ ಪರಿವೆಯಿಲ್ಲ.

“ಸಾರು ಬಡಿಸಿದಳು. ಆಮೇಲೆ ಎದ್ದುಹೋಗಿ ಬಚ್ಚಲಿಂದ ಸ್ಟೂಲ್ ತಂದಳು. ಕಪಾಟಿಂದ ಇನ್ನೊಂದು ತಟ್ಟೆ ತಂದು ಅದರ ಮುಂದೆ ಇಟ್ಟಳು. ಅವನು ಇನ್ನೂ ಬಂದಿಲ್ಲವಲ್ಲ ಅಂದಳು.”

ರಾತ್ರಿ ಆ ಹೆಂಗಸು ತನ್ನ ದಿಂಬು ಎತ್ತಿಕೊಂಡು ರೂಮು ಬಿಟ್ಟುಕೊಡಲು ಬಂದಳಂತೆ. ಇವಳು ಆ ದಿಂಬನ್ನು ಕಸಿದು ವಾಪಸು ಮಂಚದ ಮೇಲೆ ಹಾಕಿ, ತಾನು ಗೀಚಿದ ಮೀನನ್ನೂ ಪಕ್ಕದ ಬೆಕ್ಕನ್ನೂ ಒಮ್ಮೆ ಮುಟ್ಟಿ ನೋಡಿ, ಅಡುಗೆಮನೆಗೆ ಬಂದು ಮಲಗಿದಳು. “ಬಿಸಿಲು ಇಲ್ಲ, ಬೆನ್ನು ನೋವು,” ಎಂದಳು. “ಮಾರ್ಚಿನಲ್ಲಿ ಇಲ್ಲಿಗೇ ಬರ್ತೀನಿ.”

ಅವಳು ಫೋನಿಟ್ಟ ಮೇಲೆ ಒಲೆ ಒರೆಸಿದೆ. ಒರೆಸುತ್ತ ಒರೆಸುತ್ತ ಮೈಸೂರಿಗೆ ಫೋನ್ ಮಾಡಿದೆ. ಅಲ್ಲಿ ಊಟದ ಹೊತ್ತು, ಹಿಂದೆ ಪಾತ್ರೆಯ ಸದ್ದು, ಅಣ್ಣನ ಮಗಳ ಕೀಬೋರ್ಡಿನ ಸದ್ದು. ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಹೇಳಿ, “ಅಮ್ಮಾ, ನಾನೂ ಒಂದಿನ ಹಾಗೇ ಹೇಳದೇ ಬಂದುಬಿಡ್ತೀನಿ ನೋಡು,” ಎಂದೆ. ತಮಾಷೆಗೆ ಶುರು ಮಾಡಿದ ಮಾತು, ಮುಗಿಸುವಾಗ ತಮಾಷೆಯಾಗಿ ಉಳಿದಿರಲಿಲ್ಲ.

“ಹಾಗೆಲ್ಲ ಬರಬೇಡ,” ಎಂದಳು ಅಮ್ಮ. “ನಾಲ್ಕು ಜನಕ್ಕೆ ಅಳೆದು ಅನ್ನ ಇಟ್ಟಿರ್ತೀವಿ. ಮೂರು ಜನ ಧುತ್ ಅಂತ ಬಂದು ನಿಂತ್ರೆ ನಾನೇನು ಬಡಿಸಲಿ? ಫೋನ್ ಮಾಡಿ ಹೇಳಿಯೇ ಬಾ.”

“ಸರಿ,” ಎಂದೆ.

ಆ ಕಡೆ ಪಾತ್ರೆಯ ಸದ್ದು ನಿಂತಿತು. ಕೀಬೋರ್ಡು ಮಾತ್ರ ಕೇಳುತ್ತಿತ್ತು. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

“ಹೇಳದಿದ್ರೂ ಬಾರೆ,” ಎಂದಳು ಅಮ್ಮ.